ಬ್ರೇಕಿನ ಒಡೆತನ

ಒಬ್ಬನ ಸ್ವತ್ತಿನ ಮೇಲೆ ಅಧಿಕಾರವು ಆತನದೇ ಎಂಬುದು ಲೋಕವ್ಯವಹಾರದಲ್ಲಿ ಸರ್ವರೂ ಒಪ್ಪಿರುವ ಮಾತು. ಮನೆಯ ಮಾಡು ಸೋರುತ್ತಿದ್ದರೆ ಅದನ್ನು ಈ ವರ್ಷ ಸರಿಪಡಿಸಬೇಕೇ, ಬರುವ ವರ್ಷ ಸರಿಪಡಿಸಬೇಕೇ ಎಂಬುದನ್ನು ಮನೆಯೊಡೆಯನೇ ನಿಶ್ಚಯಿಸತಕ್ಕದ್ದು. ಹಂಚು ಹೊದಿಸುವವನು ಅದರಲ್ಲಿ ತಲೆಹಾಕಲು ಕಾರಣವಿಲ್ಲ. ಮಳೆ ಬಂದಾಗ ನೆನೆಯುವವರು ಆ ಮನೆಯವರೇ. ಆದರೆ ಒಡೆತನವು ಒಬ್ಬನದಾಗಿದ್ದು, ದೋಷದ ಫಲವನ್ನುಣ್ಣುವವನು ಮತ್ತೊಬ್ಬನಾಗಿರುವ ವಸ್ತುಗಳೂ ಕೆಲವು ಉಂಟು. ಅಂತಹ ವಸ್ತುವನ್ನು ದುರಸ್ತಿಗೆಂದು ಕೈಗೆತ್ತಿಕೊಂಡ ಕೆಲಸಗಾರನು ಯಾರಿಗೆ ಬದ್ಧನು? ಕೂಲಿ ಕೊಡುವವನ ಮಾತಿಗೋ, ಎಂದೂ ತನ್ನ ಕಣ್ಣಿಗೆ ಬೀಳದಿರುವವನ ಹಿತಕ್ಕೋ? ಮೋಟಾರು ಗಾಡಿಯ ಬ್ರೇಕಿನ ವಿಷಯದಲ್ಲಿ ಈ ಪ್ರಶ್ನೆಯು ದಿನದಿನವೂ ಏಳುತ್ತಿರುವುದು. ಏಳುತ್ತಿದೆಯೆಂಬುದು ಮಾತ್ರ ಬಹುಮಂದಿಯ ಗಮನಕ್ಕೆ ಬರುವುದಿಲ್ಲ.

ಚನ್ನಗಿರಿ ತಾಲ್ಲೂಕಿನ ನಲ್ಲೂರನ್ನು ಈ ವಿಚಾರಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವುದಕ್ಕೆ ಮುಂಚೆ ಶಿವಮೊಗ್ಗ ಜಿಲ್ಲೆಯಲ್ಲಿದ್ದಿತು. ಇಲ್ಲಿಯ ಬಾಳು ಅಡಕೆಯನ್ನು ನಂಬಿರುವುದು. ಅಡಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ತೋಟದ ಮನೆಯ ಅಂಗಳಕ್ಕೆ ಹೊಸ ಗಾಡಿ ಬರುವುದು ಸಹಜ. ಕೆಲವರು ಜರ್ಮನ್ ದೇಶದ ಬೆಲೆಬಾಳುವ ಗಾಡಿಯನ್ನೇ ಬೆಂಗಳೂರಿನಲ್ಲಿ ಒಂದು ಕೈ ದಾಟಿದ ಮೇಲೆ ಅರ್ಧ ಬೆಲೆಗೆ ಕೊಂಡು ತರುವುದೂ ಉಂಟು. ಗಾಡಿಯ ಬೆಲೆಯೇನೋ ಅರ್ಧವಾಗುವುದು. ಅದರ ಬಿಡಿಭಾಗಗಳ ಬೆಲೆ ಅರ್ಧವಾಗುವುದಿಲ್ಲ. ಕಂಪನಿಯ ಅಧಿಕೃತ ಕಾರ್ಯಾಗಾರವಿರುವುದು ದೊಡ್ಡ ನಗರಗಳಲ್ಲಿ. ಆದಕಾರಣ ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಕೆಳಗೆ ಸ್ವತಂತ್ರವಾಗಿ ಗ್ಯಾರೇಜು ನಡೆಸುವ ಮೇಸ್ತ್ರಿಯೇ ಇಂತಹ ಗಾಡಿಗೆ ವೈದ್ಯನಾಗಬೇಕಾಗುವುದು.

ಅಂತಹದೊಂದು ಗ್ಯಾರೇಜನ್ನು ವಾಚಕರು ಊಹಿಸಿಕೊಳ್ಳಲಿ. ಸಂಜೆಯ ಹೊತ್ತು, ತೋಟದ ಯಜಮಾನರೊಬ್ಬರ ಗಾಡಿ ಜ್ಯಾಕಿಯ ಮೇಲೆ ನಿಂತಿದೆ. ಬೆಳಗಿನ ಜಾವಕ್ಕೆ ಮನೆಯವರೆಲ್ಲರೂ ಅದರಲ್ಲಿ ಕುಳಿತು ಶಿವಮೊಗ್ಗ, ತೀರ್ಥಹಳ್ಳಿಗಳ ಮಾರ್ಗವಾಗಿ ಆಗುಂಬೆಯ ಘಾಟಿ ಇಳಿದು ಉಡುಪಿಯ ಕಡೆಗೆ ಮದುವೆಗೆ ಹೋಗತಕ್ಕವರು. ಎರಡು ದಿನಗಳಿಂದ ಗಾಡಿಯ ಮುಂಬದಿಯ ಫಲಕದಲ್ಲಿ ಬ್ರೇಕಿನ ದೀಪವೊಂದು ಉರಿಯುತ್ತಿದೆ. ಮೇಸ್ತ್ರಿ ಮುಂದಿನ ಚಕ್ರಗಳನ್ನು ಬಿಚ್ಚಿ ನೋಡಿದನು. ಹೊಸದರಲ್ಲಿ ಹತ್ತು ಹನ್ನೆರಡು ಮಿಲಿಮೀಟರ್ ದಪ್ಪವಿದ್ದ ಪ್ಯಾಡು ಎರಡಕ್ಕೆ ಇಳಿದಿದೆ. ಡಿಸ್ಕೂ ಸವೆದು, ಅದರ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿದೆ. ಸರಿಯಾದ ಭಾಗಗಳು ಬೆಂಗಳೂರಿನಿಂದ ಬರಲು ಮೂರು ದಿನ ಬೇಕು. ಯಜಮಾನರು ಒಳ್ಳೆಯವರು, ಹಳೆಯ ಗಿರಾಕಿ. ಅವರು ಹೇಳುವ ಮಾತು ಇಷ್ಟು: “ಮೇಸ್ತ್ರಿ, ಈ ಸಲಕ್ಕೆ ಹೇಗಾದರೂ ಮಾಡಿಕೊಡಪ್ಪ. ಮೊದಲು ಆ ದೀಪ ಆರಿಸು, ಮನೆಯವರು ನೋಡಿದರೆ ಗಾಬರಿಯಾಗುತ್ತಾರೆ. ಮದುವೆ ಮುಗಿಸಿಕೊಂಡು ಬಂದಮೇಲೆ ನೀನು ಹೇಳಿದ್ದನ್ನೆಲ್ಲಾ ಹಾಕಿಸೋಣ.”

ಈ ಮಾತಿನಲ್ಲಿ ದುಷ್ಟತನ ಲೇಶವಾದರೂ ಇಲ್ಲ. ಪ್ರಶ್ನೆಯು ಕಠಿನವಾಗಿರುವುದು ಆ ಕಾರಣದಿಂದಲೇ.

ಮೇಸ್ತ್ರಿಯು ಏನನ್ನು ಬಲ್ಲನೆಂಬುದನ್ನು ತಿಳಿಯದೆ ಆತನ ಧರ್ಮವನ್ನು ನಿರ್ಣಯಿಸಲಾಗದು. ಹೀಗಾಗಿ ಯಂತ್ರದ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆಯಲ್ಲಿ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ವಿದ್ವಾಂಸನು ನಿರೂಪಿಸಿದನು; ಆತನು ಗಣಿತಜ್ಞನಾಗಿದ್ದಂತೆ ಧರ್ಮಚಿಂತಕನೂ ಆಗಿದ್ದನು. ಈ ತತ್ತ್ವವನ್ನನುಸರಿಸಿ ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕನ್ನು ಜೋಡಿಸಿದ ಮೋಟಾರು ಗಾಡಿ 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿಯಿಂದ ಹೊರಬಂದಿತು. ಇಂದಿನ ಗಾಡಿಯಲ್ಲಿಯೂ ಕಾಲಿನ ಒತ್ತಡವು ಸಣ್ಣ ಕೊಳವೆಗಳೊಳಗಣ ದ್ರವದ ಮೂಲಕ ಚಕ್ರವನ್ನು ಮುಟ್ಟುವುದು. ಅಲ್ಲಿ ಕ್ಯಾಲಿಪರು ಎಂಬ ಹಿಡಿಯು ಎರಡು ಪ್ಯಾಡುಗಳನ್ನು ತಿರುಗುವ ಬೀಡುಕಬ್ಬಿಣದ ಡಿಸ್ಕಿಗೆ ಅದುಮುವುದು. ಗಾಡಿಯ ವೇಗವೆಲ್ಲವೂ ಶಾಖವಾಗಿ ಮಾರ್ಪಡುವುದು. ಬ್ರೇಕಿನ ಕೆಲಸವೆಂದರೆ ಇಷ್ಟೇ. ವೇಗವನ್ನು ಬಿಸಿಯಾಗಿಸಿ ಗಾಳಿಗೆ ಬಿಡುವುದು.

ಆ ಬಿಸಿಯ ಪ್ರಮಾಣವನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುವುದು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಗಾಡಿಯು ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಸುಮಾರು 500 ಮೀಟರ್ ಕೆಳಗಿಳಿಯುವುದು. ಜನರು, ಸಾಮಾನುಗಳೂ ಸೇರಿ ಎರಡು ಟನ್ ತೂಗುವ ಗಾಡಿ ಅಷ್ಟು ಇಳಿದರೆ ಹುಟ್ಟುವ ಶಾಖದಿಂದ ಸುಮಾರು 30 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಚಾಲಕನು ಕೆಳಗಿನ ಗೇರಿನಲ್ಲಿ ಇಳಿಸಿದರೆ ಅದರಲ್ಲೊಂದು ಪಾಲನ್ನು ಎಂಜಿನು ಹೊರುವುದು. ಇಳಿಸದಿದ್ದರೆ ಬಹುಭಾಗವನ್ನು ಆ ಡಿಸ್ಕುಗಳೇ ಹೊರಬೇಕು. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಬರೆದಿರುವುದು ಏತಕ್ಕೆಂದರೆ, ತೆಳುವಾದ ಲೋಹಕ್ಕೆ ಶಾಖವನ್ನು ಹೊರುವ ಶಕ್ತಿ ಕಡಮೆ. ಹೊಸ ಡಿಸ್ಕಿಗೂ ತೆಗೆದೆಸೆಯಬೇಕಾದ ಡಿಸ್ಕಿಗೂ ಇರುವ ಅಂತರ ಸಾಮಾನ್ಯವಾಗಿ ಎರಡು ಮಿಲಿಮೀಟರಿನಷ್ಟೇ. ಕಣ್ಣಿಗೆ ಇದು ಕಾಣದು, ಬೆರಳಿಗೂ ನಿಶ್ಚಯವಾಗದು, ಮೈಕ್ರೋಮೀಟರು ಮಾತ್ರ ಹೇಳಬಲ್ಲುದು.

ಇದಕ್ಕಿಂತಲೂ ಗೂಢವಾದುದು ಆ ದ್ರವದ ಗುಣ. ಜನರು ಅದನ್ನು ಬ್ರೇಕ್ ಆಯಿಲ್ ಎನ್ನುವರು. ವಾಸ್ತವದಲ್ಲಿ ಅದು ಎಣ್ಣೆಯಲ್ಲ. ನಿಜವಾದ ಎಂಜಿನ್ ಎಣ್ಣೆಯನ್ನು ಅದರ ಸ್ಥಾನದಲ್ಲಿ ಸುರಿದರೆ ಒಳಗಿನ ರಬ್ಬರುಗಳು ಉಬ್ಬಿ ಕೆಡುವುವು. ಸಾಧಾರಣವಾಗಿ ಬಳಸುವ ಬ್ರೇಕು ದ್ರವವು ಗಾಳಿಯಲ್ಲಿರುವ ತೇವವನ್ನು ಹೀರುವ ಸ್ವಭಾವದ್ದು. ನಾಲ್ಕನೆಯ ದರ್ಜೆಯದೆಂದು ಡಬ್ಬಿಯ ಮೇಲೆ ಬರೆದಿರುವ ದ್ರವವು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಮೆ ನೀರು ಸೇರಿದರೆ ಸಾಕು, ಆ ಮಿತಿಯು 155 ಡಿಗ್ರಿಗೆ ಇಳಿದುಬಿಡುವುದು. ದ್ರವವು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟುವುವು. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆಗ ಚಾಲಕನ ಕಾಲು ಹಲಗೆಯವರೆಗೆ ಇಳಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ಇದರಲ್ಲಿ ಅತ್ಯಂತ ಭಯಂಕರವಾದ ಅಂಶವೊಂದುಂಟು. ಅರ್ಧ ಗಂಟೆ ನಿಂತು ತಣ್ಣಗಾದರೆ ಆವಿಯು ಮರಳಿ ದ್ರವವಾಗುವುದು, ಬ್ರೇಕು ಮೊದಲಿನಂತೆಯೇ ಗಟ್ಟಿಯಾಗುವುದು. ಆದುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ನಲ್ಲೂರಿನ ಸಮನೆಲದಲ್ಲಿ ವರ್ಷವೆಲ್ಲಾ ಚೆನ್ನಾಗಿ ನಿಲ್ಲುತ್ತಿದ್ದ ಗಾಡಿಯು ಘಾಟಿಯ ಏಳನೆಯ ತಿರುವಿನಲ್ಲಿ ನಿಲ್ಲದಿರಬಹುದು.

ಬೆಲೆಬಾಳುವ ಗಾಡಿಗಳಲ್ಲಿ ಇದರ ಮೇಲೆ ಇನ್ನೂ ಹಲವು ಸೂಕ್ಷ್ಮಗಳುಂಟು. ಹಿಂದಿನ ಚಕ್ರದ ಕೈಬ್ರೇಕನ್ನು ಎಷ್ಟೋ ಗಾಡಿಗಳಲ್ಲಿ ಸಣ್ಣ ವಿದ್ಯುತ್ ಮೋಟಾರು ನಡೆಸುವುದು. ಸ್ಕ್ಯಾನರನ್ನು ಜೋಡಿಸಿ ಅದನ್ನು ದುರಸ್ತಿಯ ಸ್ಥಿತಿಗೆ ತಂದಲ್ಲದೆ ಪ್ಯಾಡು ಬಿಚ್ಚಲು ಹೋದರೆ ಒಳಗಿನ ಹಲ್ಲುಗಳು ಮುರಿಯಬಹುದು. ಚಕ್ರವು ಜಾರದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವ ಎ.ಬಿ.ಎಸ್. ಉಪಕರಣವು 1978ರಲ್ಲಿ ಮರ್ಸಿಡಿಸ್ ಗಾಡಿಗೆ ಬಂದಿತು. ಭಾರತದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲಾ ಅದು ಕಡ್ಡಾಯವಾಗಿದೆ. ಇಂತಹ ಉಪಕರಣಗಳಿರುವ ಗಾಡಿಯೊಡೆಯನಿಗೆ ತನ್ನ ಗಾಡಿ ತನ್ನನ್ನು ಹೇಗಾದರೂ ಕಾಪಾಡುವುದೆಂಬ ನಂಬಿಕೆ ಬೆಳೆಯುವುದು. ಆದರೆ ಸವೆದ ಪ್ಯಾಡಿಗೆ ಎ.ಬಿ.ಎಸ್. ಜೀವ ತುಂಬಲಾರದು.

ಹಾಗೆಯೇ ಆ ದೀಪ. ಪ್ಯಾಡಿನೊಳಗೆ ಒಂದು ತೆಳು ತಂತಿಯನ್ನು ಹುದುಗಿಸಿರುವರು. ಪ್ಯಾಡು ಸವೆಯುತ್ತ ಬಂದು ತಂತಿಯು ಡಿಸ್ಕಿಗೆ ತಾಗಿ ತುಂಡಾದಾಗ ದೀಪ ಹೊತ್ತಿಕೊಳ್ಳುವುದು. ತುಂಡಾದ ತುದಿಗಳನ್ನು ಹೊರಗಡೆಯೇ ಸೇರಿಸಿ ಗಂಟುಹಾಕಿ ಆ ದೀಪವನ್ನು ಮೋಸಗೊಳಿಸುವ ಉಪಾಯವೂ ಗ್ಯಾರೇಜುಗಳಲ್ಲಿ ತಿಳಿಯದುದಲ್ಲ. ಖರ್ಚು ಏನೂ ಇಲ್ಲ. ಐದು ನಿಮಿಷದ ಕೆಲಸ. ಯಜಮಾನರು ಅರಿಯದೆ ಕೇಳಿದ ಉಪಕಾರ ಇದು.

ಯಜಮಾನರ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಗಾಡಿ ಅವರದು, ಅದರಲ್ಲಿ ಕುಳಿತುಕೊಳ್ಳುವವರು ಅವರ ಮನೆಯವರು, ತಮ್ಮ ಪ್ರಾಣದ ಮೇಲೆ ತಮಗಿಂತ ಹೆಚ್ಚಿನ ಕಾಳಜಿಯನ್ನು ಮೇಸ್ತ್ರಿಯು ತೋರಬೇಕಾಗಿಲ್ಲವೆಂದು ಅವರು ಹೇಳಬಹುದು. ಮೇಸ್ತ್ರಿ ಒಮ್ಮೆ ಎಚ್ಚರಿಸಿದ್ದಾನೆ. ಅಲ್ಲಿಗೆ ಆತನ ಋಣ ತೀರಿತು. ಗ್ಯಾರೇಜಿನ ಪಕ್ಷವೂ ಇದೇ ಕಡೆಗೆ ಓಲುವುದು: ಈ ಮೇಸ್ತ್ರಿ ಮಾಡಿಕೊಡದಿದ್ದರೆ ಮುಂದಿನ ಊರಿನವನು ಮಾಡಿಕೊಡುವನು, ಗಾಡಿಯು ಹೇಗೂ ಘಾಟಿ ಇಳಿಯುವುದು, ಹೋಗುವುದು ಗಿರಾಕಿ ಮಾತ್ರ. ನಮ್ಮ ದೇಶದ ಕಾಯಿದೆಯಾದರೂ ಮೇಸ್ತ್ರಿಯ ಕೈಗೆ ಏನನ್ನು ಕೊಟ್ಟಿದೆ? 1872ರ ಕರಾರು ಕಾಯಿದೆಯ 170ನೆಯ ವಿಧಿಯಂತೆ, ತನ್ನ ಶ್ರಮವನ್ನೂ ಕೌಶಲವನ್ನೂ ವೆಚ್ಚಮಾಡಿದ ಕೆಲಸಗಾರನು ಕೂಲಿ ಸಂದಾಯವಾಗುವವರೆಗೆ ವಸ್ತುವನ್ನು ತನ್ನಲ್ಲಿಯೇ ಇರಿಸಿಕೊಳ್ಳಬಹುದು. ಐದುನೂರು ರೂಪಾಯಿಯ ಬಾಕಿಗಾಗಿ ಗಾಡಿಯನ್ನು ತಡೆಯುವ ಹಕ್ಕುಂಟು. ಐದು ಜನರ ಪ್ರಾಣಕ್ಕಾಗಿ ತಡೆಯುವ ಮಾತನ್ನು ಆ ವಿಧಿಯು ಆಡುವುದಿಲ್ಲ.

ಈ ಪೂರ್ವಪಕ್ಷದಲ್ಲಿ ಒಂದು ಬಿರುಕಿದೆ. ಗಾಡಿಯೊಳಗಿರುವವರನ್ನು ಮಾತ್ರ ಅದು ಎಣಿಸುತ್ತದೆ. ಘಾಟಿಯಲ್ಲಿ ಎದುರಿನಿಂದ ಏರಿ ಬರುವ ಬಸ್ಸಿನವರು, ತಿರುವಿನ ಅಂಚಿನಲ್ಲಿ ನಿಂತು ಕಾಡನ್ನು ನೋಡುತ್ತಿರುವ ಮಕ್ಕಳು, ಸೋಮೇಶ್ವರದ ರಸ್ತೆಯನ್ನು ದಾಟುವ ಮುದುಕಿ, ಇವರಲ್ಲೊಬ್ಬರನ್ನೂ ಯಜಮಾನರು ಕೇಳಿ ಬಂದಿಲ್ಲ. ತಮ್ಮ ಪ್ರಾಣವನ್ನು ಒಡ್ಡಲು ಅವರಿಗೆ ಅಧಿಕಾರವುಂಟೆಂದೇ ಒಪ್ಪಿದರೂ, ಇವರ ಪ್ರಾಣವನ್ನು ಒಡ್ಡುವ ಅಧಿಕಾರವು ಗಾಡಿಯ ನೋಂದಣಿ ಪತ್ರದಲ್ಲಿ ಬರೆದಿಲ್ಲ.

ಕಠೋಪನಿಷತ್ತಿನಲ್ಲಿ ಬರುವ ರಥದ ರೂಪಕವನ್ನು ಬಲ್ಲವರು ಒಂದನ್ನು ಗಮನಿಸಿರಬಹುದು. ಅಲ್ಲಿ ರಥದ ಒಡೆಯನುಂಟು, ಸಾರಥಿಯುಂಟು, ಕಡಿವಾಣವುಂಟು, ಕುದುರೆಗಳುಂಟು, ಹಾದಿಯೂ ಉಂಟು, ಹಾದಿಯಲ್ಲಿ ನಡೆದುಹೋಗುವವನಿಲ್ಲ. ಅಂತರಂಗದ ಪಯಣಕ್ಕೆ ಅವನ ಅಗತ್ಯವಿಲ್ಲವಾದುದರಿಂದ ಅದು ರೂಪಕದ ಕೊರತೆಯಲ್ಲ. ಪೂರ್ವಮೀಮಾಂಸೆಯಲ್ಲಿ ರಥಕಾರನ ವಿಷಯವಾಗಿಯೇ ಒಂದು ಚರ್ಚೆಯುಂಟು. ಅಗ್ನ್ಯಾಧಾನದಲ್ಲಿ ಆತನ ಅಧಿಕಾರವೇನು, ರಥಕಾರನೆಂದರೆ ಯಾರು ಎಂದು ಅಲ್ಲಿ ಸೂಕ್ಷ್ಮವಾಗಿ ವಿಚಾರಮಾಡಿರುವರು. ಆತನು ಮಾಡಿದ ಗಾಲಿ ಮುರಿದು ದಾರಿಹೋಕನಿಗೆ ಪೆಟ್ಟಾದರೆ ಏನೆಂಬುದು ಅಲ್ಲಿಯ ಪ್ರಸ್ತಾಪವಲ್ಲ. ಆ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕಾಗಿ ಬಂದುದು ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳಿಗೆ.

1916ರಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠದ ಮುಂದೆ ಒಂದು ವ್ಯಾಜ್ಯ ಬಂದಿತು. ಮ್ಯಾಕ್‌ಫರ್ಸನ್ ಎಂಬಾತನು ಬ್ಯೂಕ್ ಗಾಡಿಯನ್ನು ವ್ಯಾಪಾರಿಯೊಬ್ಬನಿಂದ ಕೊಂಡಿದ್ದನು; ಅದರ ಗಾಲಿಯ ಮರದ ಅರಗಳು ಪುಡಿಯಾಗಿ ಆತನು ಕೆಳಗೆ ಬಿದ್ದು ಗಾಯಗೊಂಡನು. ಗಾಡಿಯನ್ನು ವ್ಯಾಪಾರಿಗೆ ಮಾರಿದುದೇ ಹೊರತು ಈತನಿಗೂ ತಮಗೂ ಕರಾರಿಲ್ಲವೆಂದು ಕಂಪನಿಯು ವಾದಿಸಿತು. ನ್ಯಾಯಾಧೀಶ ಕಾರ್ಡೊಜೊ ಅದನ್ನು ಒಪ್ಪಲಿಲ್ಲ. 1932ರಲ್ಲಿ ಸ್ಕಾಟ್ಲೆಂಡಿನ ಶುಂಠಿ ಪಾನೀಯದ ಸೀಸೆಯ ಪ್ರಕರಣದಲ್ಲಿ ಇಂಗ್ಲೆಂಡಿನ ಪ್ರಭುಸಭೆಯೂ ಇದೇ ದಾರಿಯನ್ನು ಹಿಡಿಯಿತು. ಸೀಸೆಯಲ್ಲಿ ಬಸವನಹುಳು ಇದ್ದಿತೆಂದು ದೂರಿದ ಹೆಂಗಸು ಅದನ್ನು ಸ್ವತಃ ಕೊಂಡವಳೂ ಆಗಿರಲಿಲ್ಲ. ಪ್ರಕೃತ ವಿಷಯಕ್ಕೆ ಅತಿ ಸಮೀಪವಾದುದು 1939ರ ಇನ್ನೊಂದು ಇಂಗ್ಲಿಷ್ ತೀರ್ಪು. ದುರಸ್ತಿಯಾಗಿ ಬಂದ ಲಾರಿಯೊಂದರ ಚಕ್ರದ ಅಂಚುಬಳೆ ಕಳಚಿ, ರಸ್ತೆಯ ಬದಿಯಲ್ಲಿ ನಡೆಯುತ್ತಿದ್ದ ಹೆಂಗಸಿಗೆ ಬಡಿಯಿತು. ಬಲ್ಲವನಾದ ಕೆಲಸಗಾರನಿಗೆ ಒಪ್ಪಿಸಿ ನಂಬಿದ್ದ ಲಾರಿಯೊಡೆಯನು ಹೊಣೆಯಲ್ಲವೆಂದೂ, ದುರಸ್ತಿ ಮಾಡಿದವನೇ ಆಕೆಗೆ ಹೊಣೆಯೆಂದೂ ತೀರ್ಮಾನವಾಯಿತು. ಆಕೆಯ ಹೆಸರನ್ನೂ ಆ ಕೆಲಸಗಾರನು ಕೇಳಿದವನಲ್ಲ.

ಭಾರತದ 1988ರ ಮೋಟಾರು ವಾಹನ ಕಾಯಿದೆಯ 190ನೆಯ ವಿಧಿಯಲ್ಲಿಯೂ ಮನನ ಮಾಡತಕ್ಕ ಮಾತೊಂದುಂಟು. ಅಪಾಯಕರವಾದ ದೋಷವುಳ್ಳ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವವನೂ, ನಡೆಸಲು ಬಿಡುವವನೂ, ಆ ದೋಷವನ್ನು ತಿಳಿದಿದ್ದರೆ ಮಾತ್ರವಲ್ಲ, ಸಾಧಾರಣ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ತಪ್ಪಿತಸ್ಥನಾಗುವನು. ತಿಳಿಯದಿರುವುದೂ ಒಮ್ಮೊಮ್ಮೆ ಅಪರಾಧವೆಂದು ಕಾಯಿದೆಯೇ ಒಪ್ಪಿದಂತಾಯಿತು.

ಇಷ್ಟು ದೂರ ಹೋಗದೆ ಚನ್ನಗಿರಿ ತಾಲ್ಲೂಕಿನಲ್ಲಿಯೇ ಇದಕ್ಕೆ ಹಳೆಯದೊಂದು ದೃಷ್ಟಾಂತವಿದೆ. ಶಾಂತಿಸಾಗರವೆಂದೂ ಸೂಳೆಕೆರೆಯೆಂದೂ ಪ್ರಸಿದ್ಧವಾದ ಮಹಾತಟಾಕವು ಎರಡು ಗುಡ್ಡಗಳ ನಡುವಣ ಒಂದು ಏರಿಯ ಬಲದಿಂದ ನಿಂತಿದೆ. ಅದರ ಎರಡು ತೂಬುಗಳನ್ನು ಸಿದ್ಧನ ತೂಬು, ಬಸವನ ತೂಬು ಎಂದು ಕರೆಯುವರು. ನಾಡಿನ ಕೆರೆಗಳಲ್ಲಿ ತೂಬನ್ನು ತೆಗೆದು ಮುಚ್ಚುವ ನೀರುಗಂಟಿಯೆಂಬ ಕೆಲಸಗಾರನಿರುತ್ತಿದ್ದನು. ನೀರು ಬೇಕಾದ ಒಬ್ಬ ಗೌಡನ ಮಾತಿಗೆ ತೂಬಿನ ಮೇಲಾಗಲಿ ಏರಿಯ ಮೇಲಾಗಲಿ ಆತನು ಕೈಮಾಡಲಾಗದು. ಏರಿಯಲ್ಲಿ ಜಿನುಗು ಕಂಡು ಅದರ ಮೇಲೆ ಹಸಿ ಮಣ್ಣು ಮೆತ್ತಿ ಬಣ್ಣ ಬಳಿದರೆ, ನೋಡುವವರಿಗೆ ಏರಿಯು ಭದ್ರವಾಗಿ ಕಾಣುವುದು. ಕೆಳಗಿನ ಗದ್ದೆಯವನು ಅದನ್ನು ನಂಬಿ ರಾತ್ರಿ ಮಲಗುವನು. ನೀರುಗಂಟಿ ಮಾಡಿದ ಕೇಡು ಜಿನುಗಲ್ಲ, ಜಿನುಗನ್ನು ಕಾಲವೇ ಮಾಡಿತು. ಆತನು ಮಾಡಿದುದು ಆ ಬಣ್ಣ.

ಮೇಸ್ತ್ರಿಯ ಮುಂದಿರುವ ಎರಡು ಬೇಡಿಕೆಗಳನ್ನು ಈ ಬೆಳಕಿನಲ್ಲಿ ಬೇರೆಬೇರೆಯಾಗಿ ನೋಡಬೇಕು. ಸವೆದ ಪ್ಯಾಡನ್ನು ಹಾಗೆಯೇ ಮರಳಿ ಜೋಡಿಸಿ ಗಾಡಿಯನ್ನು ಇದ್ದ ಸ್ಥಿತಿಯಲ್ಲಿ ಒಪ್ಪಿಸುವುದು ಒಂದು. ದೀಪವನ್ನು ಆರಿಸಿ ಒಪ್ಪಿಸುವುದು ಮತ್ತೊಂದು. ಮೊದಲನೆಯದರಲ್ಲಿ ಲೋಕದಲ್ಲಿ ಇದ್ದ ಅಪಾಯವು ಇದ್ದಷ್ಟೇ ಉಳಿಯುವುದು. ಎರಡನೆಯದರಲ್ಲಿ ಅಪಾಯವು ಇದ್ದೂ ಇಲ್ಲವೆಂಬ ಸುಳ್ಳು ಹುಟ್ಟುವುದು, ಆ ಸುಳ್ಳನ್ನು ಹುಟ್ಟಿಸಿದ ಕೈ ಮೇಸ್ತ್ರಿಯದೇ ಆಗುವುದು. ಗ್ಯಾರೇಜಿನಿಂದ ಹೊರಬಂದ ಗಾಡಿಯ ಫಲಕದಲ್ಲಿ ದೀಪವಿಲ್ಲವೆಂದರೆ ಬ್ರೇಕು ಸರಿಯಿದೆಯೆಂದೇ ಅರ್ಥ. ಬಾಯಿಂದ ಆಡದಿದ್ದರೂ ಅದು ಮೇಸ್ತ್ರಿಯ ಮಾತೇ. ಡಿಸ್ಕನ್ನು ಹಾಗೆಯೇ ಬಿಟ್ಟು ಅಗ್ಗದ ಯಾವುದೋ ಪ್ಯಾಡನ್ನು ತುರುಕಿಕೊಡುವುದೂ ಇದೇ ಜಾತಿಗೆ ಸೇರಿದುದು, ಅದೂ ಒಂದು ಬಣ್ಣವೇ.

ಇಲ್ಲಿ ಎದುರು ದಿಕ್ಕಿನ ದೋಷವೊಂದನ್ನು ಹೇಳದೆ ಬಿಟ್ಟರೆ ಮೇಸ್ತ್ರಿಗಳಿಗೆ ಪಕ್ಷಪಾತ ತೋರಿದಂತಾಗುವುದು. ಇನ್ನೂ ಏಳು ಮಿಲಿಮೀಟರ್ ಉಳಿದಿರುವ ಪ್ಯಾಡನ್ನು ‘ಮುಗಿದುಹೋಗಿದೆ’ ಎಂದು ತೆಗೆಸುವುದು, ಕೇವಲ ಒರಸಿ ಜಾರುವ ಗೂಟಗಳಿಗೆ ಗ್ರೀಸು ಹಚ್ಚಿದರೆ ಸಾಕಾಗುವ ಕ್ಯಾಲಿಪರನ್ನು ಹೊಸದಾಗಿಯೇ ತರಿಸುವುದು, ‘ಇಷ್ಟು ದೊಡ್ಡ ಗಾಡಿ ಯಜಮಾನರೇ, ಪ್ರಾಣದ ಪ್ರಶ್ನೆ’ ಎಂದು ಹೆದರಿಸುವುದು, ಇವೂ ನಡೆಯುವುವು. ಬೆಲೆಬಾಳುವ ಗಾಡಿಯ ಒಡೆಯನಿಗೆ ಹಣವಿದೆಯೆಂಬ ಊಹೆಯೇ ಇದಕ್ಕೆ ನೆಪ. ಇದನ್ನು ಹಣದ ಮೋಸವೆಂದು ಮಾತ್ರ ಎಣಿಸುವುದು ಸಾಲದು. ‘ತೋಳ ಬಂತು’ ಎಂದು ಸುಳ್ಳೇ ಕೂಗಿದ ಕುರಿಗಾಹಿ ಹುಡುಗನ ಕಥೆಯನ್ನು ಮಕ್ಕಳೂ ಬಲ್ಲರು. ಪ್ರಾಣದ ಹೆಸರಿನಲ್ಲಿ ಒಮ್ಮೆ ಸುಳ್ಳಾಡಿದ ಗ್ಯಾರೇಜಿನವನು, ನಿಜವಾಗಿ ಪ್ರಾಣಕ್ಕೆ ಬಂದ ದಿನ ಹೇಳುವ ಮಾತಿನ ಬೆಲೆಯನ್ನು ಮೊದಲೇ ಖರ್ಚುಮಾಡಿಕೊಂಡಿರುವನು. ತನ್ನದನ್ನಷ್ಟೇ ಅಲ್ಲ, ತನ್ನ ವೃತ್ತಿಯವರೆಲ್ಲರದನ್ನೂ. ಯಜಮಾನರು ಇಂದು ಮೇಸ್ತ್ರಿಯ ಎಚ್ಚರಿಕೆಯನ್ನು ಅರ್ಧಕ್ಕೆ ಅರ್ಧ ಕಳೆದು ಕೇಳುತ್ತಿದ್ದರೆ, ಆ ಅರ್ಧವನ್ನು ಹಿಂದೆ ಯಾವನೋ ಕದ್ದಿದ್ದಾನೆ.

ಈ ವಿಷಯದಲ್ಲಿ ಸ್ವತಂತ್ರ ಗ್ಯಾರೇಜಿನವನಿಗೆ ಒಂದು ಕಷ್ಟವೂ ಒಂದು ಅನುಕೂಲವೂ ಉಂಟು. ಆತನ ಬೆನ್ನ ಹಿಂದೆ ಕಂಪನಿಯ ಹೆಸರಿಲ್ಲ. ‘ಇದು ಕಂಪನಿಯ ನಿಯಮ’ ಎಂದು ಹೇಳಿ ಆತನು ತಪ್ಪಿಸಿಕೊಳ್ಳಲಾರನು. ಗಿರಾಕಿಯ ಎದುರಿಗೆ ಒಬ್ಬನೇ ನಿಂತು ಒಲ್ಲೆನೆನ್ನಬೇಕು; ನಾಳೆ ಸಂತೆಯಲ್ಲಿ ಅದೇ ಮುಖವನ್ನು ನೋಡಬೇಕು. ಅನುಕೂಲವೆಂದರೆ, ಗಿರಾಕಿಯನ್ನು ಗಾಡಿಯ ಬಳಿಗೇ ಕರೆದೊಯ್ಯಬಲ್ಲನು. ದೊಡ್ಡ ಕಾರ್ಯಾಗಾರದಲ್ಲಿ ಗಿರಾಕಿ ಕುರ್ಚಿಯಲ್ಲಿ ಕುಳಿತು ಚೀಟಿಯನ್ನು ಮಾತ್ರ ನೋಡುವನು. ಇಲ್ಲಿ ಮೇಸ್ತ್ರಿ ಮೈಕ್ರೋಮೀಟರನ್ನು ಯಜಮಾನರ ಕೈಗೇ ಕೊಟ್ಟು, ಡಿಸ್ಕಿನ ಮೇಲೆ ಅಚ್ಚೊತ್ತಿರುವ ಅಂಕೆಯನ್ನೂ ಉಪಕರಣ ತೋರಿಸುವ ಅಂಕೆಯನ್ನೂ ಅವರ ಬಾಯಿಂದಲೇ ಓದಿಸಬಹುದು. ಅಡಕೆಯನ್ನು ಕೈಯಲ್ಲಿ ಹಿಡಿದೇ ತೇವ ಹೇಳಬಲ್ಲ ರೈತನಿಗೆ ಅಳತೆಯ ಭಾಷೆ ಅಪರಿಚಿತವಲ್ಲ. ಎಷ್ಟೋ ಸಲ ವಾದವು ಅಲ್ಲಿಗೇ ಮುಗಿಯುವುದು. ಯಜಮಾನರು ಗಾಡಿಯನ್ನು ಅಲ್ಲಿಯೇ ಬಿಟ್ಟು ಬಾಡಿಗೆ ಗಾಡಿಗೆ ಹೇಳಿಕಳಿಸುವರು.

ಅಲ್ಲಿಗೆ ಮುಗಿಯದಿದ್ದರೆ? ಯಜಮಾನರು ಓದಿಯೂ ನಕ್ಕು ‘ನಿಧಾನವಾಗಿ ಹೋಗುತ್ತೇವೆ ಬಿಡು’ ಎಂದರೆ? ಆಗ ಗಾಡಿಯನ್ನು ಬಲಾತ್ಕಾರದಿಂದ ಹಿಡಿದಿಡುವುದಾಗಲಿ, ಬೀಗದ ಕೈಯನ್ನು ಅಡಗಿಸುವುದಾಗಲಿ ಮೇಸ್ತ್ರಿಗೆ ಉಚಿತವೆಂದು ಹೇಳುವುದು ಕಷ್ಟ. ಪ್ರತಿಯೊಬ್ಬ ಕೆಲಸಗಾರನೂ ತನ್ನ ನಿಶ್ಚಯದಂತೆ ಪರರ ಸ್ವತ್ತನ್ನು ತಡೆಯತೊಡಗಿದರೆ, ಸುಳ್ಳು ಹೇಳಿ ಹೆದರಿಸುವವನ ಕೈಗೆ ಅದೇ ದೊಡ್ಡ ಆಯುಧವಾಗುವುದು. ಆದರೆ ಆತನು ದೀಪವನ್ನು ಮುಟ್ಟಬಾರದು. ಅಳತೆಗಳನ್ನೂ ‘ಈ ಸ್ಥಿತಿಯಲ್ಲಿ ಘಾಟಿ ಇಳಿಯತಕ್ಕದ್ದಲ್ಲ’ ಎಂಬುದನ್ನೂ ಚೀಟಿಯಲ್ಲಿ ಬರೆದು ತಾರೀಖು ಹಾಕಿ ಕೊಡಬೇಕು. ಬಿಚ್ಚಿ ಜೋಡಿಸಿದುದಕ್ಕೆ ಕೂಲಿಯನ್ನು ಬಿಡುವುದೇ ಒಳ್ಳೆಯದು; ಹಣ ಪಡೆದರೆ ಏನೋ ಕೆಲಸ ನಡೆದಿದೆಯೆಂಬ ಭ್ರಾಂತಿಗೆ ಅದೂ ಎಡೆಮಾಡುವುದು. ಇಷ್ಟರಿಂದ ಮೇಸ್ತ್ರಿಯ ಮನಸ್ಸು ಹಗುರವಾಗದು. ರಾತ್ರಿ ಆತನಿಗೆ ನಿದ್ರೆ ಬಾರದಿದ್ದರೆ ಅದಕ್ಕೆ ಈ ವಿಚಾರದಲ್ಲಿ ಔಷಧವಿಲ್ಲ. ಎದುರಿನಿಂದ ಬರುವ ಬಸ್ಸಿನವರಿಗೆ ಆತನು ತಲುಪಿಸಬೇಕಾದುದು ಪೂರ್ತಿಯಾಗಿ ತಲುಪಿಲ್ಲವೆಂಬುದು ನಿಜವೇ.

ದೀಪದ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲದಿರುವುದಕ್ಕೆ ಇನ್ನೊಂದು ಕಾರಣವುಂಟು. ಬೆಳಗಿನ ಜಾವ ಆ ಗಾಡಿಯನ್ನು ನಡೆಸುವವರು ಯಜಮಾನರಲ್ಲ, ಸಂಬಳದ ಡ್ರೈವರು. ಸಂಜೆ ಗ್ಯಾರೇಜಿನಲ್ಲಿ ನಡೆದ ಮಾತುಕತೆಯ ಹೊತ್ತಿಗೆ ಆತನು ಅಲ್ಲಿರಲಿಲ್ಲ. ಚೀಟಿಯು ಯಜಮಾನರ ಜೇಬಿನಲ್ಲಿದೆ. ಕತ್ತಲಲ್ಲಿ ಎಂಜಿನು ಹೊತ್ತಿಸಿದಾಗ ಆತನ ಮುಂದಿರುವುದು ಆ ಫಲಕವೊಂದೇ. ದೀಪ ಉರಿಯುತ್ತಿದ್ದರೆ ಆತನು ಹಿಂದಿರುಗಿ ನೋಡಿ, “ಯಜಮಾನರೇ, ಬ್ರೇಕಿನ ಲೈಟು ಹಾಗೇ ಇದೆಯಲ್ಲಾ” ಎಂದು ಎಲ್ಲರ ಎದುರಿಗೆ ಕೇಳಬಲ್ಲನು. ಹಿಂದಿನ ಸೀಟಿನಲ್ಲಿ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ಅಜ್ಜಿಯ ಕಿವಿಗೂ ಆ ಮಾತು ಬೀಳುವುದು.